ಹಳೆಯ ಪಿಸ್ತೂಲುಗಳನ್ನು ಓದುವ ಬಗೆ

(ಬಾನುಲಿ ಭಾಷಣ)

ಆಯುಧಗಳ ಚರಿತ್ರೆಯನ್ನು ಅರಿಯಬೇಕೆನ್ನುವವರು ವಸ್ತುಸಂಗ್ರಹಾಲಯದ ಮೆಟ್ಟಿಲನ್ನು ಹತ್ತುವ ಮುನ್ನ ನಿಘಂಟನ್ನು ತೆರೆದು ನೋಡುವುದು ಲೇಸು. ಕೋವಿ ಎಂಬುದು ನಮ್ಮದೇ ಮಾತು. ಕೊಳವೆ ಎಂಬುದು ಅದರ ಮೊದಲ ಅರ್ಥ. ಗುಂಡು ಎಂಬುದೂ ನಮ್ಮದೇ. ಮದ್ದಿನ ಕತೆ ಇನ್ನೂ ಸ್ವಾರಸ್ಯವಾದುದು: ರೋಗವನ್ನು ಕಳೆಯುವುದೂ ಮದ್ದು, ಪ್ರಾಣವನ್ನು ಕಳೆಯುವುದೂ ಮದ್ದು. ಬಂದೂಕು ಅರಬ್ಬೀ ಪಾರಸಿಗಳ ದಾರಿಯಲ್ಲಿ ಬಂದಿತು. ತುಪಾಕಿ ತುರ್ಕರ ನುಡಿಯಿಂದ ಇಳಿದು ಬಂದಿತು. ಫಿರಂಗಿ ಎಂದಾಗ ಯುರೋಪಿನ ಮನುಷ್ಯನೂ ಅವನ ತೋಪೂ ಒಂದೇ ಉಸಿರಿನಲ್ಲಿ ನೆನಪಾಗುತ್ತವೆ. ಪಿಸ್ತೂಲು ಎಂಬ ಶಬ್ದವಂತೂ ತಾನು ಕಡಲು ದಾಟಿ ಬಂದವನೆಂಬುದನ್ನು ಮುಚ್ಚಿಟ್ಟುಕೊಳ್ಳುವುದೇ ಇಲ್ಲ. ಹೀಗೆ ಐದಾರು ಮಾತುಗಳಲ್ಲಿ ಹಲವು ಶತಮಾನಗಳ ಯುದ್ಧ, ವ್ಯಾಪಾರ, ಸಂಧಿಗಳ ಚರಿತ್ರೆ ಅಡಗಿ ಕುಳಿತಿದೆ.

ಶಬ್ದಗಳನ್ನು ಕೂಡಿಟ್ಟುಕೊಂಡವರು ನಾವು; ವಸ್ತುಗಳನ್ನು ಕೂಡಿಟ್ಟುಕೊಂಡವರು ಬೇರೆಯವರು. ಯುರೋಪಿನ ಹಳೆಯ ಸೈನಿಕ ಪಿಸ್ತೂಲುಗಳನ್ನೂ ಅವುಗಳ ಪರಿಕರಗಳನ್ನೂ ಅರಸಿ ಸಂಗ್ರಹಿಸುವುದು ಪಶ್ಚಿಮದ ದೇಶಗಳಲ್ಲಿ ಒಂದು ಬೆಳೆದುನಿಂತ ವಿದ್ಯೆ. ಅದಕ್ಕೆ ಅದರದೇ ಆದ ಗ್ರಂಥಗಳುಂಟು, ಹರಾಜು ಮನೆಗಳುಂಟು, ವಾದವಿವಾದಗಳುಂಟು. ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ಜೀವಿಸಿದವನಿಗೆ ಈ ಕಬ್ಬಿಣದ ಗೊಡವೆ ಏತಕ್ಕೆಂದು ತಾವು ಕೇಳಬಹುದು. ಈ ವಿದ್ಯೆಯ ಹತ್ತಿರ ಹೋದಂತೆಲ್ಲ ನನಗೆ ಕಂಡುಬಂದದ್ದು ಇಷ್ಟು: ಒಳ್ಳೆಯ ಆಯುಧಸಂಗ್ರಾಹಕ ಮಾಡುವ ಕೆಲಸ ತಾಳೆಗರಿಯ ಹಸ್ತಪ್ರತಿಯ ಮುಂದೆ ಕುಳಿತ ಗ್ರಂಥಸಂಪಾದಕನ ಕೆಲಸವೇ. ಅವನು ಕೂಡಿಡುವುದು ಲೋಹವನ್ನಲ್ಲ, ಸಾಕ್ಷ್ಯವನ್ನು. ಈ ವಿಷಯದಲ್ಲಿ ಮೈಸೂರು ಸೀಮೆಯವರಾದ ನಮಗೆ ವಿಶೇಷವಾದೊಂದು ಹಕ್ಕೂ ಇದೆ, ವಿಶೇಷವಾದೊಂದು ನಷ್ಟವೂ ಆಗಿದೆ.

ಮೊದಲು ವಸ್ತುವಿನ ಪರಿಚಯವಾಗಲಿ. ಹದಿನೆಂಟನೆಯ ಶತಮಾನದ ಸೈನಿಕ ಪಿಸ್ತೂಲು ಚಕಮಕಿಯ ಪಿಸ್ತೂಲು. ನಳಿಗೆಯ ಬಾಯಿಂದ ಮದ್ದನ್ನು ಸುರಿದು, ಗುಂಡನ್ನು ಇಳಿಸಿ, ಗಜದಿಂದ ಜಡಿಯಬೇಕು. ನಳಿಗೆಯ ಬುಡದ ಪಕ್ಕದಲ್ಲಿ ಪುಟ್ಟ ಬಟ್ಟಲಿನಂಥ ಒಂದು ಗುಳಿ. ಅದರಲ್ಲಿ ಚಿಟಿಕೆಯಷ್ಟು ನುಣುಪಾದ ಮದ್ದು. ನಮ್ಮ ಜನ ಕುದುರೆ ಎಂದು ಕರೆಯುವ ಭಾಗದ ಬಾಯಲ್ಲಿ ಚಕಮಕಿ ಕಲ್ಲಿನ ಒಂದು ಚೂರು ಕಚ್ಚಿಕೊಂಡಿರುತ್ತದೆ. ಬೆರಳು ಎಳೆದೊಡನೆ ಆ ಕಲ್ಲು ಉಕ್ಕಿನ ಪಟ್ಟಿಗೆ ಹೊಡೆದು ಕಿಡಿಯನ್ನು ಉದುರಿಸುತ್ತದೆ. ಗುಳಿಯ ಮದ್ದು ಹೊತ್ತಿ, ಸೂಜಿರಂಧ್ರದ ಮೂಲಕ ಬೆಂಕಿ ಒಳಗೆ ನುಗ್ಗಿ, ಗುಂಡು ಹೊರಡುತ್ತದೆ. ಮಳೆ ಬಂದರೆ ಇಲ್ಲ, ಗಾಳಿ ಬೀಸಿದರೆ ಇಲ್ಲ, ಕಲ್ಲು ಸವೆದರೆ ಇಲ್ಲ. ಎಷ್ಟೋ ಸಲ ಹೊರಗಿನ ಮದ್ದು ಭುಗ್ಗೆಂದು ಉರಿದು ಒಳಗಿನದು ತಣ್ಣಗೆ ಉಳಿಯುವುದೂ ಉಂಟು. ಒಂದು ಸಲ ಹಾರಿಸಿದ ಮೇಲೆ ಓಡುವ ಕುದುರೆಯ ಬೆನ್ನಮೇಲೆ ಮತ್ತೆ ತುಂಬುವುದು ಸುಲಭವಲ್ಲ. ಆದುದರಿಂದಲೇ ಸವಾರನು ಪಿಸ್ತೂಲುಗಳನ್ನು ಜೋಡಿಯಾಗಿ, ಜೀನಿನ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಚರ್ಮದ ಚೀಲಗಳಲ್ಲಿ ಇಟ್ಟುಕೊಳ್ಳುತ್ತಿದ್ದುದು.

ಇಲ್ಲಿಂದಲೇ ಪರಿಕರಗಳ ಮಹತ್ವ ಆರಂಭವಾಗುತ್ತದೆ. ಒಂಟಿ ಪಿಸ್ತೂಲೊಂದು ಅರ್ಧ ವಾಕ್ಯವಿದ್ದಂತೆ. ಅದರ ಜೊತೆಯ ಇನ್ನೊಂದು ಪಿಸ್ತೂಲು, ಜೀನಿನ ಚೀಲ, ಮದ್ದಿನ ಕೊಂಬು, ಸೀಸವನ್ನು ಕರಗಿಸಿ ಗುಂಡೆರೆಯುವ ಅಚ್ಚು, ನಳಿಗೆ ಶುಚಿಮಾಡುವ ಕಡ್ಡಿ ಇವೆಲ್ಲ ಸೇರಿದಾಗ ವಾಕ್ಯ ಪೂರ್ಣವಾಗುತ್ತದೆ. ಗುಂಡಿನ ಅಚ್ಚು ನಳಿಗೆಯ ಅಳತೆಗೆ ಹೊಂದಿದರೆ ಎರಡೂ ಒಂದೇ ಮನೆಯವೆಂಬುದಕ್ಕೆ ಒಂದು ಸಾಕ್ಷಿ ದೊರೆಯಿತು. ಚೀಲದ ಒಳಮೈಯಲ್ಲಿ ಲೋಹ ಒತ್ತಿದ ಗುರುತು ಪಿಸ್ತೂಲಿನ ಆಕಾರಕ್ಕೆ ಒಪ್ಪಿದರೆ ಇನ್ನೊಂದು. ವಿಪರ್ಯಾಸವೆಂದರೆ ಕಬ್ಬಿಣ ಉಳಿಯುತ್ತದೆ, ಚರ್ಮ ಉಳಿಯುವುದಿಲ್ಲ. ಬೆಲೆಯಿದ್ದದ್ದನ್ನು ಮನೆಯವರು ಜೋಪಾನ ಮಾಡುತ್ತಾರೆ, ಬೆಲೆಯಿಲ್ಲವೆಂದು ಕಂಡದ್ದನ್ನು ಒಲೆಗೋ ತಿಪ್ಪೆಗೋ ಹಾಕುತ್ತಾರೆ. ಆದಕಾರಣ ಸಂಗ್ರಾಹಕರ ಲೋಕದಲ್ಲಿ ಎಷ್ಟೋ ವೇಳೆ ಪಿಸ್ತೂಲಿಗಿಂತ ಅದರ ಚೀಲವೇ ದುರ್ಲಭ.

ಇನ್ನು ಲೋಹದ ಮೇಲಿನ ಬರಹ. ಶಾಸನಗಳನ್ನು ಓದಬಲ್ಲವರಿಗೆ ಇದು ಪರಿಚಿತವಾದ ಆನಂದ. ಇಂಗ್ಲೆಂಡಿನ ದೊರೆಯ ಸೈನ್ಯದ ಪಿಸ್ತೂಲಿನ ಮೇಲೆ ಕಿರೀಟ, ಅದರ ಕೆಳಗೆ ದೊರೆಯ ಹೆಸರಿನ ಮೊದಲಕ್ಷರಗಳು, ಟವರ್ ಎಂಬ ಮಾತು. ಈಸ್ಟ್ ಇಂಡಿಯಾ ಕಂಪನಿಯ ಆಯುಧವಾದರೆ ನಾಲ್ಕು ಭಾಗ ಮಾಡಿದ ಹೃದಯದ ಆಕಾರದ ಮುದ್ರೆ, ಅದರೊಳಗೆ ಕಂಪನಿಯ ಅಕ್ಷರಗಳು. 1808ರ ಸುಮಾರಿಗೆ ಕಂಪನಿಯವರು ಈ ಹೃದಯವನ್ನು ಬಿಟ್ಟು, ಹಿಂಗಾಲ ಮೇಲೆ ನಿಂತ ಸಿಂಹವನ್ನು ತಮ್ಮ ಚಿಹ್ನೆಯಾಗಿ ಒತ್ತತೊಡಗಿದರು. ಇದರ ಫಲವನ್ನು ಗಮನಿಸಿ. ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು 1799ರ ಮೇ 4ರಂದು. ಸಿಂಹದ ಮುದ್ರೆಯ ಪಿಸ್ತೂಲೊಂದನ್ನು ಮುಂದಿಟ್ಟು, ಇದು ಆ ಮುತ್ತಿಗೆಯಲ್ಲಿ ಹಾರಿದ್ದು, ನಮ್ಮ ಪೂರ್ವಿಕರು ಕೋಟೆಯಿಂದ ತಂದದ್ದು ಎಂದು ಯಾರಾದರೂ ಹೇಳಿದರೆ, ಆ ಪುಟ್ಟ ಸಿಂಹವೇ ಎದ್ದುನಿಂತು ಇಲ್ಲವೆಂದು ಸಾಕ್ಷಿ ನುಡಿಯುತ್ತದೆ.

ಫ್ರಾನ್ಸಿನ ಪಿಸ್ತೂಲುಗಳದು ಬೇರೊಂದು ಬಗೆ. ಅಲ್ಲಿ ಸರ್ಕಾರವೇ ಮಾದರಿಯನ್ನು ಗೊತ್ತುಮಾಡಿ ಅದಕ್ಕೆ ವರ್ಷದ ಹೆಸರಿಡುತ್ತಿತ್ತು. 1777ರ ಮಾದರಿಯದು ಹಿತ್ತಾಳೆಯ ಒಡಲು. ಒಮ್ಮೆ ನೋಡಿದವರು ಮರೆಯಲಾರರು. ಮಹಾಕ್ರಾಂತಿಯ ಮೇಲೆ ಫ್ರೆಂಚರು ಹಳೆಯ ಪಂಚಾಂಗವನ್ನೇ ಹರಿದೆಸೆದು, ಗಣರಾಜ್ಯದಿಂದ ವರ್ಷವನ್ನು ಎಣಿಸಿದರು. ಹದಿಮೂರನೆಯ ವರ್ಷದ ಮಾದರಿ ಎಂಬ ಹೆಸರಿನ ಪಿಸ್ತೂಲು ಸಂಗ್ರಾಹಕರಲ್ಲಿ ಪ್ರಸಿದ್ಧವಾದುದು. ಅದರ ಹದಿಮೂರು ನಮ್ಮ ಲೆಕ್ಕದ 1804–05. ಲೋಹದ ಮೇಲಿನ ಅಂಕಿಯನ್ನು ಕಂಡರೆ ಸಾಲದು, ಅದು ಯಾವ ಶಕದ ಅಂಕಿ ಎಂಬುದನ್ನು ತಿಳಿಯಬೇಕು.

ಶಕದ ಮಾತು ಬಂದದ್ದರಿಂದ ಶ್ರೀರಂಗಪಟ್ಟಣಕ್ಕೇ ಬರೋಣ. ಯುರೋಪಿನ ಪಿಸ್ತೂಲನ್ನು ಬರಿದೆ ಕೊಂಡು ಉಪಯೋಗಿಸಿದ ನಾಡಲ್ಲ ನಮ್ಮದು. ಅದನ್ನು ಕಲಿತು, ತನ್ನದನ್ನಾಗಿ ಮಾಡಿಕೊಂಡ ನಾಡು. ಹೈದರನೂ ಟಿಪ್ಪುವೂ ಫ್ರೆಂಚರ ನೆರವನ್ನು ಬಳಸಿಕೊಂಡವರು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಹದಿನಾರನೆಯ ಲೂಯಿ ದೊರೆಯನ್ನು ವರ್ಸೈಲ್ಸಿನಲ್ಲಿ ಕಂಡು, ಸೈನ್ಯದ ನೆರವನ್ನು ಪಡೆಯಲಾಗದೆ, ಹಲವು ಕಸುಬುದಾರರನ್ನು ಕರೆದುಕೊಂಡು ಮರಳಿದರು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರಗಳಲ್ಲಿ ತಾರಾಮಂಡಲಗಳೆಂಬ ಕಾರ್ಖಾನೆಗಳು ನಡೆದವು. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರಿನಲ್ಲಿ ಆ ನೆನಪು ಇನ್ನೂ ಉಳಿದಿದೆ. ಶ್ರೀರಂಗಪಟ್ಟಣದ ಕುಶಲಕರ್ಮಿಗಳು ಮಾಡಿದ ಚಕಮಕಿಯ ಕೋವಿ, ಪಿಸ್ತೂಲುಗಳನ್ನು ಯುರೋಪಿನ ಪರೀಕ್ಷಕರೇ ಮೆಚ್ಚಿ ಬರೆದಿದ್ದಾರೆ.

ಈ ಮೈಸೂರು ಪಿಸ್ತೂಲುಗಳ ಅಂಗರಚನೆ ಯುರೋಪಿನದು, ಅಲಂಕಾರ ನಮ್ಮದು. ಮೈಮೇಲೆ ಬಬ್ರಿ ಎಂಬ ಹುಲಿಪಟ್ಟೆಯ ವಿನ್ಯಾಸ. ಕಲ್ಲನ್ನು ಕಚ್ಚುವ ಕುದುರೆಯ ಭಾಗವೇ ಹುಲಿಯಾಗುವುದುಂಟು. ಉಕ್ಕಿನ ಮೇಲೆ ಚಿನ್ನದ ತಂತಿಯ ಕುಸುರಿ, ಪಾರಸಿ ಬರಹ, ಹೈದರನ ಹೆಸರನ್ನು ಸೂಚಿಸುವ ಸಣ್ಣ ಮುದ್ರೆ. ಕೆಲವು ಜೋಡಿಗಳಲ್ಲಿ ಒಂದು ಪಿಸ್ತೂಲಿನ ಚಕಮಕಿ ಬಲಬದಿಗೂ ಇನ್ನೊಂದರದು ಎಡಬದಿಗೂ ಇದ್ದು, ಎರಡನ್ನೂ ಪಕ್ಕದಲ್ಲಿಟ್ಟರೆ ಕನ್ನಡಿಯ ಪ್ರತಿಬಿಂಬದಂತೆ ಕಾಣುತ್ತವೆ. ಇಂಥ ಜೋಡಿ ಬೇರ್ಪಟ್ಟರೆ, ಎಡಬದಿಯ ಪಿಸ್ತೂಲನ್ನು ಕಂಡವನು ಅದು ಎಡಗೈಯವನಿಗಾಗಿ ಮಾಡಿದ್ದೆಂದು ಊಹಿಸಿ ಒಂದು ಕತೆಯನ್ನೇ ಕಟ್ಟಬಹುದು. ಜೋಡಿಯನ್ನು ಒಡೆಯಬಾರದೆಂಬ ಸಂಗ್ರಾಹಕರ ನಿಯಮ ಇದಕ್ಕಾಗಿಯೇ.

ತಾರೀಖಿನಲ್ಲಿ ಇನ್ನೊಂದು ಗಂಟು ಇದೆ. ಟಿಪ್ಪು ಹಿಜರಿಯ ಎಣಿಕೆಯನ್ನು ಬಿಟ್ಟು ಮೌಲೂದಿ ಎಂಬ ಶಕವನ್ನು ಜಾರಿಗೆ ತಂದ. ಅಷ್ಟೇ ಅಲ್ಲ, ಪಾರಸಿಯಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ನಡೆದರೂ ಅಂಕಿಗಳು ನಮ್ಮಂತೆಯೇ ಎಡದಿಂದ ಬಲಕ್ಕೆ ನಡೆಯುತ್ತವೆ. ಇವನು ಅಂಕಿಗಳನ್ನೂ ಬಲದಿಂದ ಎಡಕ್ಕೇ ಬರೆಯಿಸಿದ. ಆದುದರಿಂದ 1225 ಎಂಬ ವರ್ಷ ಈ ಮರ್ಮವನ್ನು ಅರಿಯದವನ ಕಣ್ಣಿಗೆ 5221 ಎಂದು ತೋರುತ್ತದೆ. ಅರಿತವನು ಅದನ್ನು ತಿರುಗಿಸಿ, ನಮ್ಮ ಲೆಕ್ಕದ 1797–98 ಎಂದು ಇಳಿಸಿಕೊಳ್ಳುತ್ತಾನೆ. ಒಂದೇ ಯುಗದಲ್ಲಿ ಪ್ಯಾರಿಸಿನ ಗಣರಾಜ್ಯವೂ ಶ್ರೀರಂಗಪಟ್ಟಣದ ಸುಲ್ತಾನನೂ ಕಾಲವನ್ನೇ ಹೊಸದಾಗಿ ಎಣಿಸಲು ಹೊರಟರು. ಎರಡರ ಗುರುತೂ ಇಂದು ಉಳಿದಿರುವ ಎಡೆಗಳಲ್ಲಿ ಪಿಸ್ತೂಲಿನ ಮೈಯೂ ಒಂದು.

ನಮ್ಮ ನಷ್ಟದ ಮಾತಿಗೆ ಬರುತ್ತೇನೆ. 1799ರ ಮೇ ತಿಂಗಳಿನಲ್ಲಿ ಕೋಟೆ ಬಿದ್ದ ಮೇಲೆ ಅರಮನೆಯ ಭಂಡಾರವನ್ನೂ ಆಯುಧಶಾಲೆಯನ್ನೂ ಗೆದ್ದವರು ಹಂಚಿಕೊಂಡರು. ಸಿಪಾಯಿಗಳು ದೋಚಿದ್ದು ಒಂದು ಪಾಲು, ಲೂಟಿಯ ಹಂಚಿಕೆಗೆಂದೇ ನೇಮಕವಾದವರು ಲೆಕ್ಕವಿಟ್ಟು ಹಂಚಿದ್ದು ಇನ್ನೊಂದು ಪಾಲು. ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯ ಸೇರಿದೆ. ಡೇರೆ ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಕೋವಿ, ಪಿಸ್ತೂಲುಗಳು ವಿಂಡ್ಸರ್ ಅರಮನೆಯಿಂದ ಹಿಡಿದು ಹಳ್ಳಿಮನೆಗಳ ಗೋಡೆಯವರೆಗೆ ಚದುರಿದವು. ಈ ಚದುರಿದ ಗ್ರಂಥದ ಗರಿಗಳನ್ನು ತಾಳ್ಮೆಯಿಂದ ಕೂಡಿಸಿದವನು ರಾಬಿನ್ ವಿಗಿಂಗ್ಟನ್ ಎಂಬ ಆಂಗ್ಲ ಸಂಗ್ರಾಹಕ. ಟಿಪ್ಪುವಿನ ಬಂದೂಕು ಪಿಸ್ತೂಲುಗಳನ್ನು ಕುರಿತ ಆತನ ಗ್ರಂಥ 1992ರಲ್ಲಿ ಹೊರಬಂತು. ಆತ ಕೂಡಿಸಿದ್ದ ಸಂಗ್ರಹ 2005ರ ಮೇ 25ರಂದು ಲಂಡನ್ನಿನ ಸೋದ್‌ಬೀ ಹರಾಜಿನಲ್ಲಿ ಮತ್ತೆ ಚದುರಿಹೋಯಿತು. ವಸ್ತುಗಳು ಹೋದವು, ಪುಸ್ತಕ ಉಳಿಯಿತು. ಮೈಸೂರಿನ ಪಿಸ್ತೂಲುಗಳನ್ನು ಕುರಿತು ತಿಳಿಯಬೇಕಾದರೆ ಮೈಸೂರಿನವರು ಇಂದಿಗೂ ಆ ಪುಸ್ತಕವನ್ನೂ ಲಂಡನ್ನಿನ ಹರಾಜು ಪಟ್ಟಿಗಳನ್ನೂ ಆಶ್ರಯಿಸಬೇಕು.

2023ರ ಮೇ ತಿಂಗಳಿನಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗವೆಂದು ಹೆಸರಾದುದು ಲಂಡನ್ನಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಪೌಂಡುಗಳಿಗೆ ಮಾರಾಟವಾದದ್ದನ್ನು ತಾವು ಪತ್ರಿಕೆಗಳಲ್ಲಿ ಓದಿರಬಹುದು. ಅಷ್ಟು ಬೆಲೆ ಬರೀ ಉಕ್ಕಿಗೆ ಬಂದದ್ದಲ್ಲ, ಬರೀ ಚಿನ್ನದ ಕುಸುರಿಗೆ ಬಂದದ್ದೂ ಅಲ್ಲ. ಅದನ್ನು ಸೇನಾನಿ ಬೇರ್ಡನಿಗೆ ಅರ್ಪಿಸಿದ ವಿಷಯ ಆ ಖಡ್ಗದ ಮೇಲೆಯೇ ಕೆತ್ತಿದೆ. ವಸ್ತುವಿನ ವಂಶಾವಳಿ ಕಡಿಯದೆ ಬಂದಿದೆ. ಬೆಲೆಯ ಬಹುಪಾಲು ಆ ವಂಶಾವಳಿಗೆ.

ಈ ನಿಯಮ ಈಚಿನ ಶತಮಾನದ ಆಯುಧಗಳಿಗೂ ಅನ್ವಯಿಸುತ್ತದೆ. ಜರ್ಮನಿಯ ಸೈನ್ಯ 1908ರಲ್ಲಿ ಅಂಗೀಕರಿಸಿದ ಲೂಗರ್ ಪಿಸ್ತೂಲನ್ನು ನೋಡಿ. ಅದರ ಪ್ರಧಾನ ಭಾಗದ ಮೇಲೆ ಒಂದು ಸಂಖ್ಯೆ. ಸಣ್ಣಪುಟ್ಟ ಬಿಡಿಭಾಗಗಳ ಮೇಲೆಲ್ಲ ಅದೇ ಸಂಖ್ಯೆಯ ಕೊನೆಯ ಎರಡು ಅಂಕಿಗಳು. ಚರ್ಮದ ಚೀಲದ ಮುಚ್ಚಳದೊಳಗೆ ಬಿಚ್ಚುವ ಸಲಕರಣೆಗೊಂದು ಪುಟ್ಟ ಜೇಬು, ಅಂಚಿನಲ್ಲಿ ಗುಂಡುಗಳ ಹೆಚ್ಚಿನ ಪೆಟ್ಟಿಗೆಗೊಂದು ಜಾಗ. ಮೌಸರ್ ಪಿಸ್ತೂಲಿನ ಮರದ ಪೆಟ್ಟಿಗೆಯಂತೂ ಇನ್ನೂ ಚತುರ: ಸೊಂಟದಲ್ಲಿದ್ದಾಗ ಚೀಲ, ಹಿಡಿಗೆ ಸಿಕ್ಕಿಸಿದರೆ ಹೆಗಲಿಗೆ ಆನಿಸುವ ಕಟ್ಟಿಗೆ. ಸಂಖ್ಯೆಗಳು ಒಂದಕ್ಕೊಂದು ಹೊಂದಿದರೆ ಅದು ಮೂಲಪ್ರತಿ; ಹೊಂದದಿದ್ದರೆ ಹಲವು ಪ್ರತಿಗಳ ಗರಿಗಳನ್ನು ಸೇರಿಸಿ ಕಟ್ಟಿದ ಕಟ್ಟು. ಈ ಆಯುಧಗಳ ಲೋಕಕ್ಕೂ ನಮಗೂ ಸಂಬಂಧವಿಲ್ಲವೆನ್ನಬೇಡಿ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯವರು ಜೋಧಪುರದವರ ಜೊತೆಗೂಡಿ ಭರ್ಜಿ ಹಿಡಿದು ನುಗ್ಗಿದಾಗ ಎದುರಿಗಿದ್ದದ್ದು ತುರ್ಕರ ಸೈನ್ಯ, ಅವರ ಜೊತೆಗೆ ಜರ್ಮನರು.

ಗ್ರಂಥಸಂಪಾದನೆಯ ಹೋಲಿಕೆಯನ್ನು ಇನ್ನಷ್ಟು ಮುಂದುವರಿಸಬಹುದು. ಲಿಪಿಕಾರನ ಕೈತಪ್ಪಿಗಿಂತ ಅವನ ಜಾಣತನವೇ ಕಾವ್ಯಕ್ಕೆ ಹೆಚ್ಚು ಅಪಾಯಕಾರಿ. ತನಗೆ ಅರ್ಥವಾಗದ ಮಾತನ್ನು ಅವನು ತಿದ್ದಿ ಸುಲಭ ಮಾಡಿಬಿಡುತ್ತಾನೆ. ಆಯುಧಕ್ಕೂ ಅಂಥ ಜಾಣರು ಉಂಟು. ಕಪ್ಪು ಹಿಡಿದ ಲೋಹವನ್ನು ಕಂಡೊಡನೆ ಹುಣಸೆಹಣ್ಣು, ಉಪ್ಪುಕಾಗದ, ಪಾಲಿಷ್ ಹಿಡಿದು ಉಜ್ಜತೊಡಗುತ್ತಾರೆ. ಸಂಜೆಯ ಹೊತ್ತಿಗೆ ಪಿಸ್ತೂಲು ಬೆಳ್ಳಿಯಂತೆ ಹೊಳೆಯುತ್ತದೆ. ಹೃದಯವೋ ಸಿಂಹವೋ ಕಿರೀಟವೋ, ಇದ್ದ ಅಕ್ಷರವೆಲ್ಲ ಅಳಿಸಿಹೋಗಿರುತ್ತದೆ. ಪ್ರಕ್ಷಿಪ್ತವೂ ಉಂಟು: ಬೆಲೆ ಹೆಚ್ಚಲೆಂದು ಹೊಸದಾಗಿ ಹುಲಿಪಟ್ಟೆ ಕೊರೆಯುವವರು, ಸುಲ್ತಾನನ ಹೆಸರನ್ನು ಇಂಗ್ಲಿಷಿನಲ್ಲೇ ಕೆತ್ತುವವರು! ಮೈಸೂರಿನಲ್ಲಿ ಸಿಕ್ಕಿದ ಹಳೆಯ ಆಯುಧವೆಲ್ಲ ಟಿಪ್ಪುವಿನದೇ ಆಗಬೇಕೆಂಬ ಹಂಬಲ, ಹಳಗನ್ನಡದ ಚಲುವಾದ ಪದ್ಯವೆಲ್ಲ ಪಂಪನದೇ ಆಗಬೇಕೆಂಬ ಹಂಬಲದಂಥದೇ. ಸಾಮಾನ್ಯ ಸವಾರನ ಸಾಮಾನ್ಯ ಪಿಸ್ತೂಲು ಕೂಡ ತನ್ನ ಸತ್ಯದಿಂದಲೇ ಬೆಲೆಯುಳ್ಳದ್ದು.

ಈ ಮಾತುಗಳನ್ನು ನಮ್ಮ ಊರಿನ ಹತ್ತಿರಕ್ಕೆ ತರುತ್ತೇನೆ. ಶ್ರೀರಂಗಪಟ್ಟಣದಿಂದ ದಕ್ಷಿಣಕ್ಕೆ ಬಂದರೆ ಮೈಸೂರು, ನಂಜನಗೂಡು, ಕವಲಂದೆ, ಚಾಮರಾಜನಗರ. ಅದರಾಚೆ ಕಾಡು, ಘಟ್ಟ, ಗಜ್ಜಲಹಟ್ಟಿಯ ಕಣಿವೆ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ಸೈನ್ಯ ಆ ಕಣಿವೆಯನ್ನು ಇಳಿದು ಸತ್ಯಮಂಗಲದ ಬಳಿ ಕಂಪನಿಯ ಸೈನ್ಯವನ್ನು ಎದುರಿಸಿತು. ಟಿಪ್ಪುವಿನ ಆನೆಗೆ ಕಣ್ಣು ಬಂದುದಕ್ಕಾಗಿ ನಂಜುಂಡೇಶ್ವರನು ಹಕೀಮ ನಂಜುಂಡನಾದನೆಂಬ ಐತಿಹ್ಯ ಈ ಸೀಮೆಯ ಮನೆಮನೆಯ ಮಾತು. ಇಂಥ ನೆಲದಲ್ಲಿ ಐತಿಹ್ಯಕ್ಕೆ ಬರವಿಲ್ಲ, ಬರವಿರುವುದು ವಸ್ತುವಿಗೆ. ಕಾರಣಗಳು ಮೂರು: ಭಯ, ಶುಚಿ, ಗುಜರಿ. ಮನೆಯಲ್ಲಿ ಹಳೆಯ ಕೋವಿಯ ಚೂರಿದ್ದರೆ ಪೋಲೀಸರು ಬಂದಾರೆಂಬ ಭಯ; ಆದುದರಿಂದ ರಾತ್ರೋರಾತ್ರಿ ಪಾಳುಬಾವಿಯ ಪಾಲು. ಆಯುಧಪೂಜೆಯ ಹಿಂದಿನ ದಿನ ತಿಕ್ಕಿ ತೊಳೆಯುವ ಶುಚಿ. ಆದುದರಿಂದ ಮುದ್ರೆಗಳ ನಾಶ. ಅಟ್ಟವನ್ನು ಖಾಲಿ ಮಾಡುವ ದಿನ ಹಿತ್ತಾಳೆಯ ಮದ್ದಿನ ಡಬ್ಬಿ, ಗುಂಡಿನ ಅಚ್ಚು, ಕುಂಟು ಕೊಳಗ ಎಲ್ಲವೂ ಒಂದೇ ತಕ್ಕಡಿಯಲ್ಲಿ ಕೂತು ಕಿಲೋ ಲೆಕ್ಕದಲ್ಲಿ ಗುಜರಿಗೆ.

ಬಾವಿಗೆ ಬಿದ್ದದ್ದು ಯಾವಾಗಲೂ ಕಳೆದುಹೋದಂತಲ್ಲ ಎಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ನಗರವೇ ನಿದರ್ಶನ. 2018ರಲ್ಲಿ ಅಲ್ಲಿನ ಪಾಳುಬಾವಿಯೊಂದರ ಹೂಳನ್ನು ತೆಗೆದಾಗ ಟಿಪ್ಪುವಿನ ಕಾಲದ ಯುದ್ಧದ ರಾಕೆಟ್ಟುಗಳು ಸಾವಿರಕ್ಕೂ ಮಿಕ್ಕಿ ದೊರೆತವು. ತುಕ್ಕು ಹಿಡಿದ ಕೊಳವೆಗಳೆಂದು ಎಸೆಯದೆ ಪುರಾತತ್ವ ಇಲಾಖೆ ಅವನ್ನು ಜೋಪಾನ ಮಾಡಿದ್ದರಿಂದ, ಪುಸ್ತಕಗಳಲ್ಲಿ ಓದುತ್ತಿದ್ದುದನ್ನು ಅಳೆದು ತೂಗಿ ನೋಡುವ ಭಾಗ್ಯ ನಮ್ಮದಾಯಿತು. ಹಾಗೆಯೇ 2017ರಲ್ಲಿ ರೈಲಿನ ಜೋಡಿಮಾರ್ಗಕ್ಕೆ ಅಡ್ಡವಾಗಿದ್ದ ಶ್ರೀರಂಗಪಟ್ಟಣದ ಮದ್ದಿನ ಮನೆಯನ್ನು ಕೆಡವದೆ, ಬುಡಸಮೇತ ಎತ್ತಿ ನೂರು ಮೀಟರಿಗೂ ಮಿಕ್ಕಿದ ದೂರಕ್ಕೆ ಸರಿಸಿ ನಿಲ್ಲಿಸಿದರು. ಮನಸ್ಸಿದ್ದರೆ ಕಟ್ಟಡವೇ ನಡೆಯುತ್ತದೆ. ಒಂದು ಮದ್ದಿನ ಕೊಂಬನ್ನು ಉಳಿಸುವುದು ಎಷ್ಟರ ಮಾತು?

ಕಾನೂನಿನ ವಿಷಯದಲ್ಲಿ ಸ್ಪಷ್ಟತೆ ಇದ್ದರೆ ಭಯ ಅರ್ಧ ಕಳೆಯುತ್ತದೆ. 1959ರ ಆಯುಧ ಕಾಯಿದೆಯ ಪ್ರಕಾರ ಬಂದೂಕು ಪಿಸ್ತೂಲುಗಳಿಗೆ ಪರವಾನಗಿ ಬೇಕು. ಬಳಕೆ ತಪ್ಪಿದ ಮಾದರಿಯದೋ ಪುರಾತನ ಬೆಲೆಯುಳ್ಳದ್ದೋ ಕೆಟ್ಟುಹೋದದ್ದೋ ಆಗಿದ್ದು, ದುರಸ್ತಿ ಮಾಡಿದರೂ ಹಾರಿಸಲು ಬಾರದ ಆಯುಧಕ್ಕೆ ಆ ಕಾಯಿದೆ ಅನ್ವಯಿಸುವುದಿಲ್ಲ. ಆದರೆ ದುರಸ್ತಿ ಮಾಡಿದರೂ ಹಾರದು ಎಂದು ನಿರ್ಣಯಿಸತಕ್ಕವರು ಮನೆಯ ಯಜಮಾನರಲ್ಲ. ಅಧಿಕಾರಿಗಳಿಗೆ ತಿಳಿಸಿ ಅವರಿಂದಲೇ ಲಿಖಿತವಾಗಿ ಪಡೆಯುವುದು ಕ್ಷೇಮ. ನೂರು ವರ್ಷಕ್ಕೆ ಕಡಮೆಯಿಲ್ಲದ ಇಂಥ ವಸ್ತು 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ನೆಲದಲ್ಲಿ ಹುದುಗಿದ್ದು ಸಿಕ್ಕಿದರೆ 1878ರ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು.

ಅಟ್ಟದಲ್ಲಿ ಅಂಥ ವಸ್ತುವೊಂದು ಕಂಡರೆ ಮಾಡಬೇಕಾದದ್ದು ಸುಲಭ. ಮೊದಲನೆಯದಾಗಿ, ಅದನ್ನು ಯಾರ ಕಡೆಗೂ ತಿರುಗಿಸಬೇಡಿ, ಬಿಚ್ಚಬೇಡಿ, ಮಕ್ಕಳ ಕೈಗೆ ಕೊಡಬೇಡಿ. ತಲೆಮಾರುಗಳ ಹಿಂದೆ ತುಂಬಿದ ಮದ್ದು ನಳಿಗೆಯಲ್ಲಿ ಹಾಗೆಯೇ ಉಳಿದಿರುವುದುಂಟು. ಎರಡನೆಯದಾಗಿ, ತೊಳೆಯಬೇಡಿ, ಉಜ್ಜಬೇಡಿ. ಮೂರನೆಯದಾಗಿ, ಅದರ ಅಕ್ಕಪಕ್ಕದಲ್ಲಿದ್ದ ಚರ್ಮದ ತುಂಡು, ಡಬ್ಬಿ, ಅಚ್ಚು, ಕಾಗದ ಯಾವುದನ್ನೂ ಬೇರೆ ಮಾಡದೆ ಇದ್ದಲ್ಲಿಯೇ ಒಂದು ಚಿತ್ರ ತೆಗೆಯಿರಿ. ನಾಲ್ಕನೆಯದಾಗಿ, ಮನೆಯ ಹಿರಿಯರು ಅದರ ಬಗ್ಗೆ ಹೇಳುವುದನ್ನು ಅವರ ಮಾತಿನಲ್ಲೇ, ತಾರೀಖು ಹಾಕಿ ಬರೆದಿಡಿ. ಆಮೇಲೆ ಪೋಲೀಸ್ ಠಾಣೆಗೂ ಮೈಸೂರಿನಲ್ಲಿರುವ ಪುರಾತತ್ವ ಇಲಾಖೆಗೂ ತಿಳಿಸಿ.

ಕೊಲ್ಲುವ ಸಾಧನವನ್ನು ಇಷ್ಟು ಅಕ್ಕರೆಯಿಂದ ಜೋಪಾನ ಮಾಡಬೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಅದು ನ್ಯಾಯವಾದ ಪ್ರಶ್ನೆ. ನಮ್ಮ ಹಿರಿಯರು ವೀರನಿಗೆ ಕಲ್ಲು ನಿಲ್ಲಿಸಿದರೇ ಹೊರತು ಅವನನ್ನು ಕೊಂದ ಕತ್ತಿಗಲ್ಲ. ಆದರೆ ಆ ವೀರಗಲ್ಲಿನಲ್ಲಿಯೂ ಕತ್ತಿ, ಬಿಲ್ಲು, ಗುರಾಣಿಗಳನ್ನು ಶಿಲ್ಪಿ ಬಿಡದೆ ಕಂಡರಿಸಿದ್ದಾನೆ. ಅವುಗಳಿಂದಲೇ ಆ ಕಾಲದ ಯುದ್ಧ ಹೇಗಿತ್ತೆಂಬುದನ್ನು ನಾವು ಅರಿಯುತ್ತೇವೆ. ಆಯುಧವನ್ನು ಆರಾಧಿಸುವುದು ಬೇರೆ, ಅದರಿಂದ ಸಾಕ್ಷಿ ಪಡೆಯುವುದು ಬೇರೆ. ಶ್ರೀರಂಗಪಟ್ಟಣದ ಕಮ್ಮಾರನೊಬ್ಬ ಫ್ರೆಂಚರ ಯಂತ್ರವನ್ನು ಕಂಡು ಕಲಿತು, ಅದರ ಮೈಮೇಲೆ ತನ್ನ ನಾಡಿನ ಹುಲಿಯನ್ನು ಬಿಡಿಸಿದ. ಅವನ ಹೆಸರನ್ನು ಚರಿತ್ರೆ ಬರೆದಿಡಲಿಲ್ಲ. ಅವನು ಇದ್ದನೆಂಬುದಕ್ಕೆ, ಅವನ ಕೈ ಇಷ್ಟು ನುರಿತದ್ದಾಗಿತ್ತೆಂಬುದಕ್ಕೆ ಆ ತುಂಡು ಕಬ್ಬಿಣವೊಂದೇ ಆಧಾರ. ಬೂದಿ ಹಾಕಿ ತಿಕ್ಕುವ ಮುನ್ನ, ಗುಜರಿಯವನ ತಕ್ಕಡಿಗೆ ಇಡುವ ಮುನ್ನ, ಅದನ್ನೊಮ್ಮೆ ಬೆಳಕಿಗೆ ಹಿಡಿದು ಅಲ್ಲಿ ಏನು ಬರೆದಿದೆಯೆಂದು ನೋಡುವಷ್ಟು ತಾಳ್ಮೆ ನಮ್ಮಲ್ಲಿರಲಿ.